ಸಂಬಂಧದ ಕಾಲಂ

ಮಾರ್ಚ್ 3, ಸೋಮವಾರ. ಮಧ್ಯಾಹ್ನ 1.40

ಏಳು ಮಕ್ಕಳೂ ಮಲಗಿವೆ. ಗುಂಡನ ಕಾಲು ಚೂಟಿಯ ಹೊಟ್ಟೆಯ ಮೇಲೆ. ತೆಗೆದೆ. ಮತ್ತೆ ಹಾಕಿದ. ಇರಲಿ. ಇನ್ನೊಂದು ಗಂಟೆ ನನ್ನದು.

ಹನ್ನೊಂದಕ್ಕೆ ಶಿಶು ಕಲ್ಯಾಣ ಕಚೇರಿಯ ಇನ್ಸ್‌ಪೆಕ್ಟರ್ ಬಂದಿದ್ದರು. ಸಣ್ಣ ವಯಸ್ಸಿನ ಹೆಂಗಸು, ಕೈಯಲ್ಲಿ ಟೇಪು. ಕೋಣೆ ಅಳೆದರು – ಹದಿನಾಲ್ಕು ಅಡಿ, ಹತ್ತು ಅಡಿ. ಕಕ್ಕಸು ಅಳೆದರು. ಬಾಗಿಲು ಎಣಿಸಿದರು. ಇರುವುದೇ ಒಂದು, ಎಣಿಸಲು ಏನಿತ್ತೋ! ಹೊರಗಿನವರ ಮಕ್ಕಳು ಮೂರಕ್ಕಿಂತ ಹೆಚ್ಚಿದ್ದರೆ ಲೈಸೆನ್ಸ್ ಬೇಕಂತೆ. ಲೈಸೆನ್ಸಿಗೆ ಎರಡು ಬಾಗಿಲು, ಮಕ್ಕಳಿಗೇ ಬೇರೆ ಕಕ್ಕಸು, ನನಗೆ ತರಬೇತಿ ಸರ್ಟಿಫಿಕೇಟು. ಇಲ್ಲವಾದರೆ ಇಪ್ಪತ್ತನೇ ತಾರೀಖು ಕೋಣೆಗೆ ಬೀಗ.

ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ಇಪ್ಪತ್ತೆರಡು ವರ್ಷ ಆಯಾ ಆಗಿದ್ದೆ ಎಂದೆ. ಅದಕ್ಕೂ ಸರ್ಟಿಫಿಕೇಟ್ ಕೇಳಿದರು.

"ಇದೆಲ್ಲ ಮಕ್ಕಳ ಒಳ್ಳೇದಕ್ಕೇ ಅಮ್ಮಾ."

"ಮಕ್ಕಳ ಒಳ್ಳೇದು ಯೋಚ್ನೆ ಮಾಡಿಯೇ ಅವರಮ್ಮಂದಿರು ದಿನಾ ಬೆಳಿಗ್ಗೆ ಆರೂವರೆಗೆ ನನ್ನ ಕೈಗೆ ಕೊಟ್ಟು ಹೋಗೋದು."

ಅದನ್ನು ಬರೆದುಕೊಳ್ಳಲಿಲ್ಲ.

ಮಾರ್ಚ್ 4, ಮಂಗಳವಾರ

ತಮ್ಮ ಬಂದಿದ್ದ. ಅದೇ ಕಚೇರಿಯಲ್ಲಿ ಗುಮಾಸ್ತ. ಅತ್ತ ದರಿ, ಇತ್ತ ಪುಲಿ ಅವನಿಗೆ.

"ಅಕ್ಕಾ, ಹೋದ ವರ್ಷ ಇಂಥದೇ ಒಂದು ಮನೇಲಿ ಮಗು ನೀರಿನ ತೊಟ್ಟಿಗೆ ಬಿತ್ತು. ಉಳೀಲಿಲ್ಲ. ಅದಕ್ಕೇ ಈ ರೂಲ್ಸು. ನಿನ್ನ ಮೇಲೆ ಯಾರಿಗೇನು ಹಗೆ?"

ಅವನು ಹೋದ ಮೇಲೆ ಮನೆ ಹಿಂದಿನ ನೀರಿನ ಡ್ರಮ್ಮಿನ ಮುಚ್ಚಳದ ಮೇಲೆ ಎರಡು ಇಟ್ಟಿಗೆ ಹೇರಿದೆ. ಮೊದಲೇ ಹೇರಬೇಕಿತ್ತು, ತಪ್ಪು ನನ್ನದು. ಆದರೆ ಆ ಮಹಾತಾಯಿ ಅದೇ ಡ್ರಮ್ಮಿಗೆ ಒರಗಿ ನಿಂತು ಕಕ್ಕಸಿನ ಅಗಲ ಅಳೆದರಲ್ಲ... ಇಟ್ಟಿಗೆ ಇಡಿ ಎಂದಿದ್ದರೆ ಅವರೆದುರೇ ಇಡುತ್ತಿದ್ದೆ. ಫಾರಂನಲ್ಲಿ ಡ್ರಮ್ಮಿನ ಸುದ್ದಿಯೇ ಇಲ್ಲ.

ಮಾರ್ಚ್ 9, ಭಾನುವಾರ

ತಾಯಂದಿರು ಸೇರಿದ್ದರು. ಯಾವ ಮೂರು ಉಳಿಯಬೇಕು? ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಕೊನೆಗೆ ಗುಂಡನ ತಾಯಿ, ಬಸ್ ಕಂಡಕ್ಟರ್, ಎದ್ದಳು.

"ನನ್ನವನನ್ನ ಬಿಡಿಸಿಬಿಡ್ತೀನಿ ಅಕ್ಕಾ. ದೊಡ್ಡವಳಿಗೆ ಎಂಟಾಯ್ತಲ್ಲ, ನೋಡ್ಕೋತಾಳೆ. ಹೊರಗಿಂದ ಚಿಲಕ ಹಾಕ್ಕೊಂಡು ಡ್ಯೂಟಿಗೆ ಹೋಗ್ತೀನಿ."

ಮೈ ಉರಿದುಹೋಯಿತು. ಚಿಲಕ ಹಾಕಿದ ಆ ಮನೆಗೆ ಎಷ್ಟು ಬಾಗಿಲು? ಅಲ್ಲಿಗೆ ಟೇಪು ಹಿಡಿದು ಯಾರು ಹೋಗುತ್ತಾರೆ? ಯಾರನ್ನೂ ಬಿಡಿಸುವುದಿಲ್ಲ ಎಂದು ಕೂಗಿದೆ. ಕೂಗಿದ್ದಕ್ಕೆ ಪಶ್ಚಾತ್ತಾಪ ಇಲ್ಲ.

ಮಾರ್ಚ್ 12, ಬುಧವಾರ. ರಾತ್ರಿ

ತಮ್ಮ ದಾರಿ ಹುಡುಕಿ ತಂದ. ಸಂಬಂಧಿಕರ ಮಕ್ಕಳಾದರೆ ಎಷ್ಟಿದ್ದರೂ ಲೈಸೆನ್ಸ್ ಬೇಡವಂತೆ. ಫಾರಂನಲ್ಲಿ ಒಂದು ಕಾಲಂ ಇದೆ: 'ಮಗುವಿಗೂ ನಿಮಗೂ ಇರುವ ಸಂಬಂಧ'.

"ಅವರು ಚಾಪೆ ಕೆಳಗೆ ತೂರಿದ್ರೆ ನಾವು ರಂಗೋಲಿ ಕೆಳಗೆ ತೂರೋಣ ಅಕ್ಕಾ. ಹೆಂಗೂ ಎಲ್ಲಾ ಮಕ್ಕಳೂ ನಿನ್ನ ಅಜ್ಜಿ, ಅತ್ತೆ ಅಂತಾನೇ ಕರೀತಾವೆ. ಯಾರು ಪರೀಕ್ಷೆ ಮಾಡ್ತಾರೆ?"

ಸಂಜೆ ಹೆಂಗಸರಿಗೆ ಹೋದ ಜೀವ ಬಂತು. ಗುಂಡನಿಗೆ ಅಜ್ಜಿಯಾದೆ, ಚೂಟಿಗೆ ದೊಡ್ಡಮ್ಮ, ಅವಳಿಗಳಿಗೆ ಸೋದರತ್ತೆ. ಅವಳಿಗಳ ತಾಯಿ, ಟೈಲರ್, ನಕ್ಕಳು – "ಹಂಗಾದ್ರೆ ನನ್ನ ಗಂಡ ನಿಮ್ಮ ತಮ್ಮ. ಒಂಚೂರು ಬುದ್ಧಿ ಹೇಳಿ ಅಕ್ಕಾ!" ಎಲ್ಲರೂ ಸಹಿ ಹಾಕಿದರು. ನನ್ನದೊಂದು ಬಾಕಿ.

ಮಾರ್ಚ್ 17, ಸೋಮವಾರ. ರಾತ್ರಿ

ಸುಳ್ಳು ಹೇಳಿ ಗೊತ್ತಿಲ್ಲದವಳೇನಲ್ಲ. ಸೂಜಿ ನೋಯುವುದಿಲ್ಲ ಎಂದು ಸಾವಿರ ಮಕ್ಕಳಿಗೆ ಹೇಳಿದ್ದೇನೆ. ಆದರೆ ಈ ಸುಳ್ಳು ಗಂಟಲಲ್ಲಿ ಇಳಿಯಲಿಲ್ಲ. ಸೋದರತ್ತೆ ಎಂದು ಬರೆದರೆ ಅದೇ ಬಾಗಿಲು, ಅದೇ ಕಕ್ಕಸು, ಎಲ್ಲ ಸರಿಯಾಗಿಬಿಡುತ್ತದೆ. ಹಾಗಾದರೆ ಇವರಿಗೆ ತಪ್ಪೆನಿಸಿದ್ದು ಯಾವುದು? ಒಬ್ಬ ಹೆಂಗಸು ಇನ್ನೊಬ್ಬಳನ್ನು ನಂಬಿದ್ದು. ಅಷ್ಟೇ. ಅದಕ್ಕೆ ಇವರ ಅಪ್ಪಣೆ ಬೇಕೆಂದು ನನ್ನ ಕೈಯಾರೆ ಬರೆದುಕೊಡಲೇ?

ಕೊಡಲಿಲ್ಲ. ಹೊಸ ಫಾರಂ ತೆಗೆದುಕೊಂಡು ಏಳೂ ಸಾಲಿನಲ್ಲಿ ಒಂದೇ ಬರೆದೆ: 'ತಾಯಿ ನಂಬಿ ಬಿಟ್ಟು ಹೋಗಿದ್ದಾಳೆ.'

ಇನ್ಸ್‌ಪೆಕ್ಟರ್ ಫಾರಂ ಒಯ್ಯಲು ಬಂದವರು ನಿಂತಲ್ಲೇ ಏಳೂ ಸಾಲಿಗೆ ಬೆರಳಿಟ್ಟು ಓದಿದರು.

"ಇದು ನಡೆಯಲ್ಲ ಅಮ್ಮಾ."

"ಯಾಕೆ, ಸುಳ್ಳಾ?"

"ಸುಳ್ಳಲ್ಲ. ಇಂಥ ಸಂಬಂಧ ನಮ್ಮ ಪಟ್ಟೀಲಿ ಇಲ್ಲ."

ಕಂಡಕ್ಟರ್ ಸಂಜೆ ಅತ್ತಳು. "ಒಂದು ಸಹಿ ತಾನೇ ಅಕ್ಕಾ..." ನನಗೂ ಅಳು ಬಂತು. ನನ್ನ ಹಟದ ಬೆಲೆ ಅವಳೂ ತೆರಬೇಕು. ಅದು ಗೊತ್ತು. ಆದರೂ.

ಮಾರ್ಚ್ 20, ಗುರುವಾರ. 2.10

ಒಬ್ಬರೂ ಬರಲಾರರು ಎಂದುಕೊಂಡಿದ್ದೆ. ಆರೂವರೆಗೆ ಮೊದಲು ಬಂದವಳೇ ಕಂಡಕ್ಟರ್. ಗುಂಡನನ್ನು ಕೈಗೆ ಕೊಟ್ಟು ಬಸ್ಸಿಗೆ ಓಡಿದಳು. ಆಮೇಲೆ ಉಳಿದವರು. ಏಳಕ್ಕೆ ಏಳೂ.

ಒಂದೂವರೆಗೆ ಅವರು ಬಂದರು. ಇನ್ಸ್‌ಪೆಕ್ಟರ್, ಇಬ್ಬರು ಗಂಡಸರು, ಬೀಗ. ತುಟಿಗೆ ಬೆರಳಿಟ್ಟೆ – "ಮಲಗಿವೆ." ಮೂವರೂ ಪಿಸುಮಾತಿಗಿಳಿದರು. ಸರ್ಕಾರ ನನ್ನ ಮಾತು ಕೇಳಿದ್ದು ಇದೇ ಮೊದಲು.

ಮಕ್ಕಳನ್ನು ಜೀಪಿನಲ್ಲಿ ಕಚೇರಿಗೆ ಒಯ್ಯುತ್ತಾರಂತೆ. ತಾಯಂದಿರು ಅಲ್ಲಿಗೆ ಬಂದು ಬಿಡಿಸಿಕೊಳ್ಳಬೇಕಂತೆ. "ಯಾರು ಕೊಟ್ಟರೋ ಅವರ ಕೈಗೇ ಕೊಡೋದು. ಸಂಜೆ ಆರರವರೆಗೂ ಕೂತ್ಕೊಳ್ಳಿ" ಎಂದೆ. ಮಕ್ಕಳು ಏಳಲಿ, ಆಮೇಲೆ ನೋಡೋಣ ಎಂದು ಮೆಟ್ಟಿಲ ಮೇಲೆ ಕೂತಿದ್ದಾರೆ. ನಾನು ಹೊಸ್ತಿಲ ಮೇಲೆ.

ಗುಂಡ ಕಣ್ಣುಬಿಟ್ಟ. ಅವರೂ ಎದ್ದರು. ಪೆನ್ನು ಇಡಬೇಕು. ಬಾಗಿಲಿಗೆ ಅಡ್ಡ ನಿಲ್ಲಲು ಎರಡೂ ಕೈ ಬೇಕು.