ಅತ್ತಿದ್ದಕ್ಕೆ ಹಳದಿ ಚೀಟಿ

ಗದಗ,
೩೦ ಫೆಬ್ರವರಿ ೨೧೭೧

ನೂರೈವತ್ತು ವರ್ಷ ಹಿಂದಿನ ಹಿರಿಯರಿಗೆ,

ಮೇಲಿನ ತಾರೀಖು ನೋಡಿ ನಗಬೇಡಿ. ನಮ್ಮ ಕ್ಯಾಲೆಂಡರಿನಲ್ಲಿ ಫೆಬ್ರವರಿಗೂ ಮೂವತ್ತು ದಿನ. ನನ್ನ ಕೆಲವು ಮಾತುಗಳೂ ನಿಮಗೆ ವಿಚಿತ್ರವೆನಿಸಬಹುದು, ಕ್ಷಮಿಸಿ. ನಾನು ಶಿವಲೀಲಾ ಹೊಂಬಳ. ಕಪ್ಪತಗುಡ್ಡದ ಗಾಳಿಯಂತ್ರಗಳ ರಿಪೇರಿ ನನ್ನ ಕೆಲಸ. ನಾಲ್ಕು ವರ್ಷದ ಕೆಳಗೆ ನನ್ನ ಮಗಳು ಕಸ್ತೂರಿಗೆ ಆದದ್ದನ್ನು ನಿಮಗೆ ತಿಳಿಸಬೇಕಾಗಿದೆ.

ಆಗ ಸರಕಾರದ ಕಾಯಿದೆಯೊಂದಿತ್ತು. ಏಳು ತುಂಬಿದ ಪ್ರತಿ ಮಗುವೂ ಶಾಲೆಯಲ್ಲಿ 'ಮನತಪಾಸಣೆ'ಗೆ ಕೂರಬೇಕು. ಅಂದರೆ, ಗೋಡೆಯೊಳಗಿನ ದನಿಯೊಂದು ನಲವತ್ತು ಪ್ರಶ್ನೆ ಕೇಳುತ್ತದೆ. ಮಗು ಹೌದು ಅಥವಾ ಇಲ್ಲ ಎನ್ನಬೇಕು, ಅಷ್ಟೇ. ತಾಯಿತಂದೆ ಒಳಗೆ ಹೋಗುವಂತಿಲ್ಲ, ಬೇಡ ಎನ್ನುವಂತೆಯೂ ಇಲ್ಲ. ಉತ್ತರ ಸರಿಬರದ ಮಗುವಿಗೆ ಹಳದಿ ಚೀಟಿ. ಚೀಟಿ ಬಂದ ಮಗು ದಿನಾ ಗುಳಿಗೆ ನುಂಗಿ 'ಶಾಂತಿಕೋಣೆ' ಎಂಬ ಬೇರೆ ತರಗತಿಯಲ್ಲಿ ಕೂರಬೇಕು. ಆ ಚೀಟಿ ಮುಂದೆ ಕಾಲೇಜಿಗೂ ಕೆಲಸಕ್ಕೂ ಬೆನ್ನುಹತ್ತಿ ಬರುತ್ತಿತ್ತು.

ಕಸ್ತೂರಿಯನ್ನು ಸಾಕಿದ್ದು ನನ್ನ ಅವ್ವ. ನಾನು ಕಂಬ ಹತ್ತಲು ಹೋದಾಗ ಅವಳ ತಲೆ ಬಾಚಿ, ರೊಟ್ಟಿ ಮುರಿದು ಉಣ್ಣಿಸಿ, ಶಾಲೆಗೆ ಬಿಡುತ್ತಿದ್ದವಳು ಅವ್ವನೇ. ಅವ್ವ ತೀರಿಕೊಂಡ ಹನ್ನೆರಡನೇ ದಿನಕ್ಕೆ ತಪಾಸಣೆ ಬಂತು. ದಿನಾ ಅಳುತ್ತೀಯಾ ಎಂದು ಗೋಡೆ ಕೇಳಿತು. ಹುಡುಗಿ ಹೌದು ಎಂದಳು. ಇಲ್ಲದವರ ದನಿ ಕೇಳಿಸುತ್ತದೆಯೇ ಎಂದಿತು. ಅದಕ್ಕೂ ಹೌದು ಎಂದಳು. ಆ ಸಂಜೆ ಹಳದಿ ಚೀಟಿ ಹಿಡಿದು ಬಂದವಳು, "ಯವ್ವಾ, ನಾ ಖರೇ ಹೇಳಿದ್ದ ತಪ್ಪಾತೇನ?" ಎಂದು ಕೇಳಿದಳು.

ಮರುದಿನ ತಪಾಸಣಾಧಿಕಾರಿ ಸುಲೋಚನಾ ಅಂಗಡಿಯವರ ಮುಂದೆ ನಿಂತು, ಗುಳಿಗೆ ಕೊಡುವುದಿಲ್ಲ, ಶಾಂತಿಕೋಣೆಗೆ ಕಳಿಸುವುದೂ ಇಲ್ಲ ಎಂದೆ.

"ಕಾಯಿದೆ ಐತಿ ನೋಡ್ರಿ. ಕೂಸಿನ ಒಳ್ಳೇದಕ್ಕ ಮಾಡ್ಯಾರ," ಎಂದರು.

"ಆಕಿನ್ನ ಸಾಕಿದ ಆಯಿ ಸತ್ತು ಹನ್ನೆರಡ ದಿನ ಆಗಿತ್ರೀ. ಅಳದಿದ್ರ ಯಾವ ಚೀಟಿ ಕೊಡ್ತಿದ್ರಿ?"

ಅವರು ಕಸ್ತೂರಿಯ ಫಾರ್ಮು ತೆಗೆದು ಹಿಂದುಮುಂದು ತಿರುವಿ ನೋಡಿದರು. ಆಮೇಲೆ ಮೆಲ್ಲಗೆ, "ನಮ್ಮ ಫಾರ್ಮಿನೊಳಗ ಅದನ್ನ ಬರಿಯಾಕ ಜಾಗಾನ ಇಲ್ರೀ ಅಕ್ಕಾರ," ಎಂದರು.

ಶಾಲೆಯವರು ಕಸ್ತೂರಿಯ ಹೆಸರು ತೆಗೆದರು. ನಾನು ಮನೆಯಲ್ಲೇ ಓದಿಸಿದೆ. ರಜೆ ಸಿಕ್ಕಾಗಲೆಲ್ಲ ಹಳದಿ ಚೀಟಿ ಬಂದ ಮನೆಗಳನ್ನು ಹುಡುಕಿಕೊಂಡು ಹೋದೆ. ಮೊದಮೊದಲು ಜನ ನಾಚಿ ಬಾಗಿಲು ಹಾಕಿಕೊಂಡರು. ಒಂದು ಮಗುವಿಗೆ ಬರೀ ಉಗ್ಗು. ಇನ್ನೊಂದು ಹೊಸದಾಗಿ ಊರಿಗೆ ಬಂದದ್ದು, ಅದಕ್ಕೆ ಕನ್ನಡವೇ ತಿಳಿಯದು. ಒಬ್ಬ ಹುಡುಗಿಗೆ ಮಾತ್ರ ನಿಜವಾಗಿ ಕಾಯಿಲೆಯಿತ್ತು. ಅವಳ ತಾಯಿ ತಾನೇ ಒಳ್ಳೆಯ ಡಾಕ್ಟರನ್ನು ಹುಡುಕಿದಳು, ಹುಡುಗಿ ಚೇತರಿಸಿಕೊಂಡಳು. ಕೊನೆಗೆ ಅರವತ್ತೆರಡು ಮನೆಯವರು ಸೇರಿ ನ್ಯಾಯಾಲಯಕ್ಕೆ ಹೋದೆವು. ನಮ್ಮ ಪರ ಮೊದಲ ಸಾಕ್ಷಿ ಹೇಳಿದವರು ಸುಲೋಚನಾ ಅವರೇ. ಅದಕ್ಕಾಗಿ ಅವರ ಹುದ್ದೆ ಹೋಯಿತು.

ಕಾಯಿದೆ ಬಿತ್ತು. ಈಗ ತಾಯಿತಂದೆ ಒಪ್ಪದೆ ಯಾವ ಮಗುವನ್ನೂ ಪರೀಕ್ಷೆಗೆ ಕೂರಿಸುವಂತಿಲ್ಲ. ಹಳೆಯ ಚೀಟಿಗಳೆಲ್ಲ ರದ್ದಾದವು. ಕಸ್ತೂರಿಯ ಅಳು ಐದಾರು ತಿಂಗಳಲ್ಲಿ ತಾನಾಗಿಯೇ ನಿಂತಿತ್ತು. ಈಗ ಹನ್ನೊಂದು ವರ್ಷ, ವಿಪರೀತ ಮಾತು.

ನಿಮ್ಮ ಮನೆಗೂ ಇಂಥ ಸುತ್ತೋಲೆ ಬಂದೀತು. ಒಳ್ಳೆಯ ಮಾತಿನಲ್ಲೇ ಬಂದೀತು. ಮಗುವಿಗೆ ವೈದ್ಯರು ಬೇಕೆನಿಸಿದರೆ ತಡಮಾಡದೆ ನೀವೇ ಕರೆದೊಯ್ಯಿರಿ. ಆದರೆ ಬೇಡ ಎನ್ನುವ ಹಕ್ಕನ್ನು ಬರೆದುಕೊಡಬೇಡಿ. ಅದನ್ನು ಮರಳಿ ಪಡೆಯಲು ನಮಗೆ ಎರಡು ವರ್ಷ ಹಿಡಿಯಿತು. ನಿಮ್ಮ ಕೈಯಲ್ಲಿ ಅದು ಇನ್ನೂ ಇದೆ.

ಇಂತಿ ನಿಮ್ಮ ಮುಂದಿನವಳು,
ಶಿವಲೀಲಾ