ಕಲ್ಲುದಿಣ್ಣೆ ಏರಿನಲ್ಲಿ ಮಾವನ ಟಿವಿಎಸ್ಸು

ಬಿಳಿಕಲ್ಲಹಳ್ಳಿ, ಅಜ್ಜಂಪುರ ತಾಲ್ಲೂಕು
೧೬ ಡಿಸೆಂಬರ್ ೨೦೨೪, ಸೋಮವಾರ

ಪ್ರೀತಿಯ ಅತ್ತೇ,

ನಿಮ್ಮ ಸೊಸೆ ಮಾನಸಳ ನಮಸ್ಕಾರ. ಹರಿಹರದ ಚಳಿಯಲ್ಲಿ ನಿಮ್ಮ ಮಂಡಿನೋವು ಹೇಗಿದೆ? ನಿಮ್ಮ ಮಗಳು ಸ್ಫೂರ್ತಿ ಹೊಟ್ಟೆತುಂಬ ಉಣ್ಣುತ್ತಿದ್ದಾಳಾ, ಇಲ್ಲ ದಿನಾ ಅದೇ ಮೆಣಸಿನ ಸಾರು ಅಂತ ಮುಖ ತಿರುಗಿಸುತ್ತಾಳಾ? ಕೂಸು ಕಣ್ಣು ಬಿಟ್ಟು ನೋಡುತ್ತದಾ? ಎಳೆಗೂಸಿಗೆ ಮೊದಲು ತಿಳಿಯುವುದು ಬೆಳಕೋ ಅಥವಾ ತಾಯಿಯ ಮುಖವೋ ಅಂತ ನನಗೆ ಬಹಳ ದಿನದಿಂದ ಒಂದು ಅನುಮಾನ. ನೋಡಿ, ಶುರುವಾಯಿತು. ನೀವು ನನಗೆ ‘ಪ್ರಶ್ನೆಪತ್ರಿಕೆ’ ಅಂತ ಹೆಸರಿಟ್ಟಿದ್ದು ಸುಮ್ಮನೆ ಅಲ್ಲ.

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಈ ಸಾಲನ್ನು ದಯವಿಟ್ಟು ಇನ್ನೊಂದು ಸಲ ಓದಿಕೊಳ್ಳಿ. ಯಾರಿಗೂ ಏನೂ ಆಗಿಲ್ಲ, ಯಾರೂ ಜಗಳವಾಡಿಲ್ಲ, ನಾನು ಮನೆ ಬಿಟ್ಟು ಹೋಗಿಲ್ಲ. ನಿನ್ನೆ ನಮ್ಮೂರ ಮಾರಮ್ಮಜ್ಜಿ ಹರಿಹರದಲ್ಲಿ ರೈಲಿಳಿದವರೇ ತಮ್ಮ ಮಗಳ ಮನೆಗೂ ಹೋಗದೆ ನಿಮ್ಮ ಹತ್ತಿರ ಬಂದು, ‘ಧರ್ಮೇಶನ ಹೆಂಡ್ತಿ ತವರಿಗೆ ಓಡೋಗ್ತಿದ್ಲು ಕಣೇ ಕೆಂಚವ್ವಾ, ನಿನ್ ಗಂಡ ಟಿವಿಎಸ್ಸಲ್ಲಿ ಅಟ್ಟಿಸ್ಕೊಂಡು ಹೋಗ್ತಿದ್ದ, ಕಣ್ಣಾರೆ ಕಂಡೆ’ ಅಂದರಂತೆ. ಅಜ್ಜಿ ಸುಳ್ಳು ಹೇಳಿಲ್ಲ ಅತ್ತೆ. ನಾನು ಓಡುತ್ತಿದ್ದುದು ನಿಜ. ಮಾವ ಹಿಂದೆ ಇದ್ದುದೂ ನಿಜ. ಎರಡನ್ನೂ ಸೇರಿಸಿ ಹೊಲಿಗೆ ಹಾಕಿದ್ದು ಮಾತ್ರ ಅಜ್ಜಿಯ ಕೈಚಳಕ.

ನೀವು ಗಾಬರಿಯಿಂದ ಫೋನ್ ಮಾಡಿದರೆ ಮಾವ ‘ಏನೂ ಆಗಿಲ್ಲ, ಇಡು’ ಅಂತ ಇಟ್ಟೇಬಿಟ್ಟರು. ಅಷ್ಟು ಚುಟುಕಾಗಿ ಹೇಳಿದರೆ ಯಾರು ತಾನೇ ನಂಬುತ್ತಾರೆ? ಬುಧವಾರದ ರೈಲಿಗೆ ಬಂದೇ ಬರುತ್ತೇನೆ ಅಂದಿದ್ದೀರಂತೆ. ಬರಬೇಡಿ ಅತ್ತೆ. ಸ್ಫೂರ್ತಿ ಇನ್ನೂ ಹಸಿ ಬಾಣಂತಿ, ಅವಳ ದೊಡ್ಡ ಕೂಸು ಬೇರೆ ಒಂದು ಕಡೆ ನಿಲ್ಲದ ತುಂಟ. ನೀವು ಬಾಣಂತನ ಅರ್ಧಕ್ಕೆ ಬಿಟ್ಟು ಹೊರಟರೆ ಅವಳ ಅತ್ತೆಮನೆಯವರು ಮಾರಮ್ಮಜ್ಜಿಯ ಮಾತೇ ಖರೆ ಅಂದುಕೊಳ್ಳುತ್ತಾರೆ. ಆಮೇಲೆ ಅವಳು ಅವರ ಮುಂದೆ ಹೇಗೆ ತಲೆ ಎತ್ತಬೇಕು? ನಾನೇ ಫೋನಿನಲ್ಲಿ ಹೇಳೋಣ ಅಂದರೆ ಅಲ್ಲಿ ಸ್ಪೀಕರ್ ಹಾಕಿ ಮನೆಮಂದಿಯೆಲ್ಲ ಕೇಳುತ್ತಾರೆ, ನೀವು ಅರ್ಧದಲ್ಲೇ ಬೈಯಲು ಶುರುಮಾಡುತ್ತೀರಿ. ಕಾಗದವಾದರೆ ಬೈಯುವುದಕ್ಕೆ ಕೊನೆಯವರೆಗೂ ಕಾಯಬೇಕು. ನಿಮ್ಮ ಮಗನ ಸ್ನೇಹಿತ ಗುರುಮೂರ್ತಿ ಇವತ್ತು ಸಂಜೆಯ ರೈಲಿಗೆ ಹರಿಹರಕ್ಕೆ ಹೊರಟಿದ್ದಾನೆ, ಅವನ ಕೈಯಲ್ಲೇ ಕಳಿಸುತ್ತಿದ್ದೇನೆ.

ಸಂಗತಿ ಇಷ್ಟು. ನೀವು ಹೋದ ಮೇಲೆ ಅಜ್ಜಂಪುರದ ಬಸ್‌ಸ್ಟ್ಯಾಂಡಿನಲ್ಲಿ ಒಂದು ಪೋಸ್ಟರ್ ನೋಡಿದೆ. ‘ಗುಡ್ಡದ ಓಟ, ಹಾಫ್ ಮ್ಯಾರಥಾನ್’ ಅಂತ. ಅಂದರೆ ಇಪ್ಪತ್ತೊಂದು ಕಿಲೋಮೀಟರ್ ಓಡುವುದು. ಅಜ್ಜಂಪುರದ ಮೈದಾನದಿಂದ ಹೊರಟು, ಕಲ್ಲುದಿಣ್ಣೆ ಹತ್ತಿ ಇಳಿದು, ನಮ್ಮೂರ ಗೇಟಿನ ಹತ್ತಿರ ತಿರುಗಿ, ಮತ್ತೆ ಅದೇ ದಿಣ್ಣೆ ಹತ್ತಿ ವಾಪಸ್. ಎಲ್ಲೆಲ್ಲಿಂದಲೋ ಬಂದವರು ನಮ್ಮ ಮನೆ ಬಾಗಿಲಿನವರೆಗೂ ಓಡಿಬಂದು ಹೋಗುತ್ತಾರೆ, ಏನು ಹುಡುಕಿಕೊಂಡು ಅಂತ ನನಗೆ ತಲೆಗೆ ಹುಳ ಬಿಟ್ಟಂತಾಯಿತು. ಮದುವೆಯಾಗಿ ಐದು ವರ್ಷದಿಂದ ಆ ದಿಣ್ಣೆಯನ್ನು ಬೈಕಿನ ಹಿಂದೆ ಕೂತೇ ದಾಟಿದ್ದೇನೆ. ಹಿಂದೆ ಕೂತವಳಿಗೆ ಅದು ಏರು ಅಂತಲೇ ಗೊತ್ತಾಗುವುದಿಲ್ಲ, ಗೇರು ಬದಲಾದ ಸದ್ದು ಕೇಳುತ್ತದೆ ಅಷ್ಟೆ. ನನ್ನ ಕಾಲಿಗೆ ಅದು ಎಷ್ಟು ಎತ್ತರ? ನನ್ನ ಕಾಲು ಎಲ್ಲಿಯವರೆಗೆ ಹೋಗುತ್ತದೆ? ಇದು ತಿಳಿಯಬೇಕಿತ್ತು, ಬೇರೆ ಯಾವ ಘನ ಉದ್ದೇಶವೂ ಇರಲಿಲ್ಲ. ನಿಮ್ಮ ಮಗ ಬಿದ್ದು ಬಿದ್ದು ನಕ್ಕು, ‘ಬಸ್ಸು ಹೊರಟ್ರೂ ಓಡಲ್ಲ ನೀನು’ ಅಂದರು. ಆದರೂ ಮೊಬೈಲಿನಲ್ಲಿ ಹೆಸರು ಹಾಕಿಕೊಟ್ಟವರು ಅವರೇ. ಮಾವನಿಗೆ ಅವರಿಂದಲೇ ಹೇಳಿಸಿದೆ. ಮಾವ ‘ಹೂಂ’ ಅಂದರಂತೆ. ಆ ಹೂಂನಲ್ಲಿ ಒಪ್ಪಿಗೆ ಎಷ್ಟು, ಸಿಟ್ಟು ಎಷ್ಟು ಅಂತ ನಿಮಗಾದರೆ ತಿಳಿಯುತ್ತಿತ್ತು.

ಓಡುವುದನ್ನು ಕಲಿಯುವುದು ಕಷ್ಟವಲ್ಲ ಅತ್ತೆ, ನಮ್ಮೂರಿನ ದಾರಿಯಲ್ಲಿ ಓಡುವುದೇ ಕಷ್ಟ. ಹೋದ ವರ್ಷ ನಾನು ಬಸ್ಸಿಗೆ ಅಂತ ನಾಲ್ಕು ಹೆಜ್ಜೆ ಓಡಿದ್ದಕ್ಕೆ ನೀವು ಎಷ್ಟು ಬೈದಿರಿ, ನೆನಪಿದೆಯಾ? ‘ಹೆಂಗ್ಸು ದಾರೀಲಿ ಓಡಿದ್ರೆ ಮನೇಲಿ ಏನೋ ಆಗೈತೆ ಅಂತ್ಲೇ ಕಣೇ’ ಅಂದಿರಿ. ಆಗ ನಗು ಬಂದಿತ್ತು. ಬೆಳಗಿನ ಹೊತ್ತು ಓಡಲು ಶುರುಮಾಡಿದ ಮೇಲೆ ನೀವು ಹೇಳಿದ್ದು ಅಕ್ಷರಶಃ ನಿಜವಾಯಿತು. ಕಂಡವರೆಲ್ಲ ಗಾಡಿ ನಿಲ್ಲಿಸಿ, ‘ಯಾರಿಗೇನಾಯ್ತವ್ವಾ? ಹತ್ಕೋ, ಬಿಟ್ಟು ಬತ್ತೀನಿ’ ಅನ್ನುವವರೇ. ಏನೂ ಆಗಿಲ್ಲ, ಸುಮ್ಮನೆ ಓಡುತ್ತಿದ್ದೇನೆ ಅಂದರೆ ಇನ್ನೂ ಗಾಬರಿಯಾಗುತ್ತಾರೆ. ಹಾಲಿನ ಗಾಡಿಯವನಂತೂ ನನ್ನ ಮುಖವನ್ನೇ ಒಂದು ಗಳಿಗೆ ನೋಡಿ, ನಿಮ್ಮ ಮಗನಿಗೆ ಫೋನ್ ಮಾಡಿ ವಿಚಾರಿಸಿದ. ನಮ್ಮ ಜನಕ್ಕೆ ನಡೆಯುವವರನ್ನು ಕಂಡರೆ ಹತ್ತಿಸಿಕೊಳ್ಳದೆ ಹೋಗುವುದು ಪಾಪ. ಅದರಲ್ಲಿ ಮಾವನೇ ಮೊದಲಿಗರು, ‘ಇವ್ರ ಟಿವಿಎಸ್ಸು ಊರೋರಿಗೆಲ್ಲ ಬಸ್ಸು’ ಅಂತ ನೀವೇ ಛೇಡಿಸುತ್ತೀರಲ್ಲ.

ನಿನ್ನೆ ಬೆಳಕು ಹರಿಯುವ ಹೊತ್ತಿಗೆ ಅಜ್ಜಂಪುರದಿಂದ ಓಟಗಾರರೆಲ್ಲ ಹೊರಟೆವು. ಚೂಡಿದಾರವನ್ನೇ ಹಾಕಿಕೊಂಡಿದ್ದೆ, ವೇಲನ್ನು ಸೊಂಟಕ್ಕೆ ಬಿಗಿದಿದ್ದೆ, ನಿಮ್ಮ ಮರ್ಯಾದೆಗೆ ಕುಂದಿಲ್ಲ. ಬಂದವರನ್ನು ನೀವು ನೋಡಬೇಕಿತ್ತು. ತರೀಕೆರೆಯವರು, ಕಡೂರಿನವರು, ಶಿವಮೊಗ್ಗದವರು, ಕೈಗಡಿಯಾರ ನೋಡಿಕೊಂಡೇ ಓಡುವವರು, ಉಪ್ಪು ನೆಕ್ಕುತ್ತ ಓಡುವವರು. ಉಪ್ಪು ಯಾಕೆ ಅಂತ ಕೇಳಿದೆ. ಬೆವರಿನಲ್ಲಿ ಹೋದದ್ದನ್ನು ಹಿಂದಕ್ಕೆ ತುಂಬಬೇಕಂತೆ. ನಿಮಗಿಂತ ದೊಡ್ಡ ಹೆಂಗಸೊಬ್ಬರು ಮೊಣಕಾಲುದ್ದದ ಚಡ್ಡಿ ಹಾಕಿ ನನ್ನ ಜೊತೆ ಸ್ವಲ್ಪ ದೂರ ಓಡಿದರು. ಮನೆಯಲ್ಲಿ ಏನೂ ಅನ್ನುವುದಿಲ್ಲವೇ ಅಂತ ಕೇಳಿದ್ದಕ್ಕೆ, ‘ಸೊಸೆ ಬೈತಾಳಮ್ಮ, ಅವಳು ಏಳೋದರೊಳಗೆ ಬಂದ್ಬಿಟ್ಟೆ’ ಅಂದರು! ನಾನು ಅಲ್ಲೇ ನಿಂತು ನಕ್ಕೆ. ಅಷ್ಟರಲ್ಲಿ ಅವರು ನನ್ನನ್ನು ಹಿಂದೆ ಹಾಕಿ ಹೊರಟುಹೋದರು.

ನಮ್ಮೂರ ಗೇಟಿನ ಹತ್ತಿರ ತಿರುಗುವಾಗ ನಾನೇ ಕೊನೆ. ಮುಂದೆ ಯಾರೂ ಇಲ್ಲ, ಹಿಂದೆ ಯಾರೂ ಇಲ್ಲ, ಎರಡೂ ಕಡೆ ಕೊಯ್ದ ರಾಗಿ ಹೊಲ. ಇಲ್ಲೇ ನಿಲ್ಲಿಸಿ ಮನೆಗೆ ಹೋಗಿ ಕಾಫಿ ಕಾಯಿಸಿಕೊಂಡು ಕುಡಿಯೋಣ ಅನ್ನಿಸಿದ್ದು ಸುಳ್ಳಲ್ಲ. ಹಾಗೂ ಹೀಗೂ ದಿಣ್ಣೆಯ ಬುಡಕ್ಕೆ ಬಂದರೆ ನಮ್ಮೂರ ಷಣ್ಮುಖಪ್ಪನವರ ಟ್ರ್ಯಾಕ್ಟರ್. ಅವರು ಅಷ್ಟರಲ್ಲಾಗಲೇ ಕಾಲು ಹಿಡಿದುಕೊಂಡ ಕಡೂರಿನ ಹುಡುಗನೊಬ್ಬನನ್ನು ಅನಾಮತ್ತು ಎತ್ತಿ ಕೂರಿಸಿಕೊಂಡು, ದಿಣ್ಣೆಯ ನೆತ್ತಿಗೆ ಬಿಟ್ಟು, ಪುಣ್ಯ ಕಟ್ಟಿಕೊಂಡ ಖುಷಿಯಲ್ಲಿ ಇನ್ನೊಬ್ಬರನ್ನು ಹುಡುಕುತ್ತ ಬಂದಿದ್ದರು. ಪಾಪ, ಆ ಹುಡುಗನನ್ನು ಆಮೇಲೆ ಓಟದಿಂದಲೇ ತೆಗೆದುಹಾಕಿದರಂತೆ. ‘ಅಜ್ಜ ಬಿಡ್ಲೇ ಇಲ್ಲ ಸಾರ್’ ಅಂತ ಅವನು ಎಷ್ಟು ಹೇಳಿದರೂ ಕೇಳಲಿಲ್ಲವಂತೆ. ಷಣ್ಮುಖಪ್ಪ ನನ್ನನ್ನು ಕಂಡವರೇ, ‘ಹತ್ತವ್ವಾ, ನೀನು ನಡ್ಕಂಡು ಹೋಗೋದ ನೋಡ್ಕಂಡು ಸುಮ್ನಿದ್ರೆ ನಿಮ್ಮತ್ತೆ ನನ್ನ ಸುಮ್ನೆ ಬಿಡ್ತಾಳಾ?’ ಅಂತ ಟ್ರ್ಯಾಕ್ಟರನ್ನು ಅಡ್ಡ ನಿಲ್ಲಿಸಿಬಿಟ್ಟರು. ಬೇಡ ಅಂದೆ, ಕೇಳಲಿಲ್ಲ. ಹಿರಿಯರ ಮಾತು, ಮೀರುವುದು ಹೇಗೆ? ನಿಜ ಹೇಳುತ್ತೇನೆ, ಕಾಲೂ ಹತ್ತು ಹತ್ತು ಅನ್ನುತ್ತಿತ್ತು. ಕೈ ಚಾಚಿಯೂ ಬಿಟ್ಟಿದ್ದೆ.

ಆಗ ಹಿಂದಿನಿಂದ ಟಿವಿಎಸ್ಸಿನ ಸದ್ದು. ಮಾವ. ಎಲ್ಲಿಂದ ಬಂದರೋ, ಯಾವಾಗಿನಿಂದ ಹಿಂದೆ ಇದ್ದರೋ ದೇವರಿಗೇ ಗೊತ್ತು. ಗಾಡಿಯನ್ನು ನನಗೂ ಟ್ರ್ಯಾಕ್ಟರಿಗೂ ನಡುವೆ ತಂದು ನಿಲ್ಲಿಸಿ, ‘ಅವ್ಳು ಹತ್ತಲ್ಲ ಕಣೋ ಷಣ್ಮುಖಾ, ದಾರಿ ಬಿಡು’ ಅಂದರು. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಷಣ್ಮುಖಪ್ಪ ಬಾಯಿ ತೆರೆದುಕೊಂಡೇ ಟ್ರ್ಯಾಕ್ಟರ್ ತಿರುಗಿಸಿದರು. ದಾರಿಯಲ್ಲಿ ಸಿಕ್ಕವರನ್ನೆಲ್ಲ ಹತ್ತಿಸಿಕೊಳ್ಳುವ ಮನುಷ್ಯ ಸ್ವಂತ ಸೊಸೆಯನ್ನು ಹತ್ತಿಸಿಕೊಳ್ಳಲಿಲ್ಲ! ನಾನು ಓಡಿದೆ. ಓಟ ಅಂದರೆ ಓಟವಲ್ಲ, ಕಾಲೆಳೆದುಕೊಂಡು ಹೋಗುವುದು. ಬೇವಿನ ಮರದ ಹತ್ತಿರ ಏರು ಇನ್ನೂ ಕಡಿದು. ಅಲ್ಲಿ ಉಸಿರು ಸಿಗದೆ ನಿಂತುಬಿಟ್ಟೆ, ಮರ ಹಿಡಿದುಕೊಂಡು. ಮಾವನೂ ಅಷ್ಟು ದೂರದಲ್ಲಿ ಗಾಡಿ ನಿಲ್ಲಿಸಿ ಹೊಲದ ಕಡೆ ನೋಡುತ್ತ ಕೂತರು. ಹತ್ತು ಅನ್ನಲಿಲ್ಲ, ಓಡು ಅನ್ನಲಿಲ್ಲ, ಸಾಕು ಅನ್ನಲೂ ಇಲ್ಲ. ನಾನು ಹೊರಟಾಗ ಹೊರಟರು. ಆ ಹೊತ್ತಿಗೆ ಹಿಂದಿನಿಂದ ಅಜ್ಜಂಪುರದ ಬಸ್ಸು ಬಂದು ನಿಧಾನ ಮಾಡಿತು. ಮಾವ ಕೈ ಬೀಸಿದ್ದು ‘ನಿಲ್ಲಿಸ್ಬೇಡ, ಹೋಗು’ ಅಂತ ಡ್ರೈವರನಿಗೆ. ಬಸ್ಸಿನಲ್ಲಿದ್ದ ಮಾರಮ್ಮಜ್ಜಿಗೆ ಅದು ‘ಅವ್ಳನ್ನ ಹಿಡೀರಿ’ ಅಂತ ಕಂಡಿರಬೇಕು. ನನ್ನ ಎದೆಯ ಮೇಲಿದ್ದ ಓಟದ ನಂಬರು ಹಿಂದಿನಿಂದ ಅವರಿಗೆ ಹೇಗೆ ಕಾಣಬೇಕು?

ಮೈದಾನ ಮುಟ್ಟಿದಾಗ ಶಾಮಿಯಾನ ಬಿಚ್ಚುತ್ತಿದ್ದರು. ಆದರೂ ಒಬ್ಬ ಹುಡುಗಿ ಓಡಿಬಂದು ಕೊರಳಿಗೆ ಪದಕ ಹಾಕಿದಳು. ಕಾಲು ನನ್ನದೇ ಅನ್ನಿಸುತ್ತಿರಲಿಲ್ಲ, ಆದರೆ ಅಂಥ ಸಂತೋಷ ನನಗೆ ಗೊತ್ತಿರಲಿಲ್ಲ ಅತ್ತೆ. ಮಾವ ದೂರದಲ್ಲಿ ಗಾಡಿಯ ಚಕ್ರ ಒತ್ತಿ ನೋಡುತ್ತ ನಿಂತಿದ್ದರು, ಗಾಳಿ ಕಡಿಮೆಯಾಗಿದೆಯೇನೋ ಅನ್ನುವ ಹಾಗೆ. ಧೈರ್ಯ ಮಾಡಿ, ಯಾಕೆ ಬಂದಿರಿ ಮಾವ ಅಂತ ಕೇಳಿದೆ. ‘ಕೂತ್ಕೋ, ಮನೆಗೆ ಹೋಗಣ’ ಅಂದರು. ಬರುವಾಗ ಅದೇ ದಿಣ್ಣೆ ಹತ್ತಿದೆವು. ಈಗ ಹಿಂದೆ ಕೂತರೂ ನನಗೆ ಆ ಏರು ಗೊತ್ತಾಗುತ್ತದೆ.

ಆದ್ದರಿಂದ ನಿಶ್ಚಿಂತೆಯಿಂದ ಇರಿ, ಬಾಣಂತನ ಮುಗಿಸಿಕೊಂಡೇ ಬನ್ನಿ. ಬೈಗುಳವನ್ನೂ ಹಾಗೇ ಕೂಡಿಟ್ಟುಕೊಂಡು ಬನ್ನಿ, ಒಟ್ಟಿಗೇ ಕೇಳುತ್ತೇನೆ. ನಿಮ್ಮ ಕೆಂದ ಹಸು ಹಾಲು ಕೊಡುತ್ತಿದೆ, ಆದರೆ ನನಗೆ ಒದೆಯುವುದನ್ನು ಬಿಟ್ಟಿಲ್ಲ. ಸ್ಫೂರ್ತಿಗೂ ಅವಳ ಅತ್ತೆ ಮಾವನವರಿಗೂ ನನ್ನ ವಂದನೆ. ಎರಡೂ ಕೂಸಿಗೆ ನನ್ನ ಮುತ್ತು.

ನಿಮ್ಮ ಆಶೀರ್ವಾದ ಬೇಡುವ,
ಮಾನಸ

ತಾ.ಕ.: ಗುರುಮೂರ್ತಿ ಬಾಗಿಲಲ್ಲಿ ಹಾರನ್ ಹೊಡೆಯುತ್ತಿದ್ದಾನೆ, ಅಕ್ಷರ ಗೀಚಿದಂತಿದ್ದರೆ ಕ್ಷಮಿಸಿ. ಕಾಗದ ಮಡಿಸುವಾಗ ಮಾವ ಬಂದು ಕಂಬಕ್ಕೆ ಒರಗಿ ನಿಂತರು. ‘ಯಾಕ್ ಬಂದ್ರಿ ಅಂತ ಕೇಳ್ದಲ್ಲವ್ವಾ’ ಅಂದರು. ‘ಧರ್ಮೇಶ ಆಗ ಎರಡು ವರ್ಷದ ಕೂಸು. ಜ್ವರ ನೆತ್ತಿಗೇರಿ ಫಿಟ್ಸು ಬಂದ್ಬಿಡ್ತು. ನಾನು ಬೀರೂರು ಸಂತೇಲಿದ್ದೆ. ಊರಲ್ಲಿ ಒಂದು ಗಾಡಿ ಇರ್ಲಿಲ್ಲ. ನಿಮ್ಮತ್ತೆ ಅವನ್ನ ಎತ್ಕಂಡು ಆ ದಿಣ್ಣೆ ಹತ್ತಿ ಅಜ್ಜಂಪುರದ ಆಸ್ಪತ್ರೆಗಂಟ ಒಬ್ಳೇ ಓಡಿದ್ಲು. ಅವತ್ತು ಅವಳ ಹಿಂದೆ ಬರಾಕೆ ನಾನಿರ್ಲಿಲ್ಲ.’ ಇಷ್ಟು ಹೇಳಿ ತೋಟದ ಕಡೆ ಹೋದರು. ಐದು ವರ್ಷದಲ್ಲಿ ಒಂದು ದಿನವೂ ನೀವು ಇದನ್ನು ಹೇಳಲಿಲ್ಲವಲ್ಲ ಅತ್ತೆ. ನನಗೆ ಅಳು ತಡೆಯಲಾಗಲಿಲ್ಲ. ಬೇವಿನ ಮರದ ಹತ್ತಿರ ನಾನು ಬರಿಗೈಯಲ್ಲೇ ನಿಂತುಬಿಟ್ಟೆ. ನೀವು ಮಗನನ್ನು ಎತ್ತಿಕೊಂಡು ಓಡುವಾಗ ಅಲ್ಲಿ ನಿಂತಿರಾ? ನನ್ನ ಬೇರೆ ಯಾವ ಪ್ರಶ್ನೆಗೆ ಉತ್ತರ ಕೊಡದಿದ್ದರೂ ಇದೊಂದಕ್ಕೆ ಕೊಡಿ.