ಮಾಜಿ ಮಂತ್ರಿಗಳ ಎತ್ತರ

ಹಡಗು ಖಾತೆಯ ಮಾಜಿ ಸಚಿವರ ಸನ್ನಿಧಾನಕ್ಕೆ, ಇಕಾರಿಯಾ ದ್ವೀಪದ ಸಮಸ್ತ ಮತದಾರರ ಪರವಾಗಿ ತಮ್ಮ ಧರ್ಮಪತ್ನಿಯ ವಿಜ್ಞಾಪನೆ.

ಸಂಪುಟ ಪುನಾರಚನೆಯಲ್ಲಿ ತಮ್ಮ ಖಾತೆ ಮಿತ್ರಪಕ್ಷದ ಪಾಲಾದ ಸುದ್ದಿ ಬಂದಾಗಿನಿಂದ ಇಲ್ಲಿನ ಕಾಫಿ ಅಂಗಡಿಯಲ್ಲಿ ಸೂತಕ.

“ಸರ್ಕಾರ ಉಳಿಸ್ಕೊಳ್ಳೋಕೆ ನಮ್ಮ ಸ್ಟ್ರಾಟಿಸ್‌ನ ಬಲಿ ಕೊಟ್ರು ಅತ್ತಿಗೆ! ನಮ್ಮೂರ ಬಂದರು ಇನ್ನು ಕನಸೇ,” ಎಂದು ಅಂಗಡಿಯ ಮಾನೋಲಿಸ್ ಗೋಳಾಡಿದ.

“ಹೊಸ ಮಂತ್ರಿಗೂ ವೋಟು ಬೇಕಲ್ಲಪ್ಪ, ಬಂದರು ಬರುತ್ತೆ. ನಮ್ಮನೆಯವರು ಬಂದರು ಅನ್ನೋದು ಯಾವಾಗ, ಅದು ಹೇಳು,” ಎಂದೆ.

ಶುಕ್ರವಾರದ ಹಡಗಿನಲ್ಲಿ ದಯಮಾಡಿಸಬೇಕು. ಛಾವಣಿ ಸೋರುತ್ತಿದೆ, ದ್ರಾಕ್ಷಿ ಬಳ್ಳಿ ಸವರಬೇಕಿದೆ.

ಸ್ಟ್ರಾಟಿಸ್, ಸಾಕು ಈ ನಾಟಕ. ನಿನ್ನ ಮಂತ್ರಿಗಿರಿ ಹೋಗಲಿ, ಮನುಷ್ಯ ಮರಳಲಿ ಎಂದು ಸಂತ ನಿಕೋಲಾಸರಿಗೆ ಹರಕೆ ಹೊತ್ತವಳು ನಾನೇ. ನಿನ್ನಷ್ಟೇ ಎತ್ತರದ ಮೇಣದಬತ್ತಿ ಹಚ್ಚಬೇಕು. ಬೇಗ ಬಾ, ಅಳತೆ ತೆಗೆದುಕೊಳ್ಳಬೇಕು.

ನಿನ್ನ,
ಕಲ್ಲಿರೋಯಿ